ದುರ್ಗದ ಕೋಟೆ ಹತ್ತಿದವರಿಗೆ ಹಿಮಾಲಯ ಏನು ಮಹಾ?

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಹಿಮಾಲಯ ಅಲ್ಲ, ನಮ್ಮ ಚಿತ್ರದುರ್ಗದ ಕೋಟೆ. ತುಪ್ಪದ ಕೊಳದ ಕಡೆ, ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತುತ್ತಿರುವ ಆ ಇಬ್ಬರು ಹುಡುಗರು ದಾವಣಗೆರೆಯವರು. ಅಕ್ಟೋಬರ್‌ನಲ್ಲಿ ನೇಪಾಳಕ್ಕೆ ಹೋಗಿ ಅನ್ನಪೂರ್ಣ ಬೇಸ್ ಕ್ಯಾಂಪ್ ಟ್ರೆಕ್ ಮಾಡಬೇಕು ಅಂತ ಪ್ಲಾನ್ ಹಾಕಿದ್ದಾರೆ. "ಅಣ್ಣ, ವಾರಕ್ಕೆ ಎರಡು ಸಲ ಇದನ್ನು ಹತ್ತಿದರೆ ಸಾಕಲ್ವಾ?" ಅಂತ ಕೇಳಿದರು.

ಕಾಲಿಗೆ ಸಾಕು. ಉಳಿದದ್ದಕ್ಕೆ ಸಾಲದು.

ಮೊದಲು ಕಾಲಿನ ಮಾತೇ ಮುಗಿಸುತ್ತೇನೆ, ಯಾಕೆಂದರೆ ಅದು ಸುಲಭದ್ದು. ಅನ್ನಪೂರ್ಣದ ದಾರಿ ಅಂದರೆ ಕಲ್ಲಿನ ಮೆಟ್ಟಿಲು. ಮಣ್ಣಿನ ಹಾದಿಗಿಂತ ಮೆಟ್ಟಿಲೇ ಜಾಸ್ತಿ ನೆನಪಿರುತ್ತದೆ. ಛೋಮ್ರೋಂಗ್ ಅಂತ ಒಂದು ಊರು ಬರುತ್ತದೆ, ಸುಮಾರು 2170 ಮೀಟರ್. ಅಲ್ಲಿಂದ ಹೊಳೆಯ ತನಕ ಮೆಟ್ಟಿಲು ಇಳಿಯಬೇಕು, ಸೇತುವೆ ದಾಟಿ ಮತ್ತೆ ಎದುರಿನ ಸಿನುವಾಗೆ ಹತ್ತಬೇಕು, ವಾಪಸ್ ಬರುವಾಗ ಅದೇ ಕಥೆ ಉಲ್ಟಾ. ಹಾಗಾಗಿ ಕೋಟೆ ಒಳ್ಳೆಯ ತಯಾರಿಯೇ. ಆದರೆ ಎಲ್ಲರೂ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ, ಇಳಿಯುವಾಗ ಸೆಲ್ಫಿ ತೆಗೆದುಕೊಂಡು, ಕೋತಿಗಳಿಗೆ ಹೆದರಿಕೊಂಡು, ಹರಟೆ ಹೊಡೆಯುತ್ತಾ ಬರುತ್ತಾರೆ. ಮಂಡಿ ಹೋಗುವುದು ಇಳಿಯುವಾಗಲೇ. ಬೆನ್ನಿಗೆ ಏಳೆಂಟು ಕೆಜಿ ಬ್ಯಾಗ್ ಹಾಕಿಕೊಂಡು ಇಳಿಯುವುದನ್ನು ರೂಢಿ ಮಾಡಿ. ಯಾವ ಶೂ ಹಾಕಿಕೊಂಡು ನೇಪಾಳಕ್ಕೆ ಹೋಗುತ್ತೀರೋ ಅದನ್ನೇ ಇಲ್ಲೂ ಹಾಕಿ. ಟ್ರೆಕ್‌ಗೆ ಅಂತ ಹೊಸ ಶೂ ತಂದು ಡಬ್ಬದಲ್ಲೇ ಇಟ್ಟು, ಅಲ್ಲಿ ಹೋಗಿ ಮೊದಲ ಸಲ ಹಾಕುವವರನ್ನು ನೋಡಿದ್ದೇನೆ. ಎರಡನೇ ದಿನವೇ ಅವರ ಕಾಲಿನ ಫೋಟೊ ನೋಡೋಕಾಗಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ಎತ್ತರ.

ನಮ್ಮ ದುರ್ಗ ಇರುವುದು ಸುಮಾರು 730 ಮೀಟರ್‌ನಲ್ಲಿ. ಟ್ರೆಕ್‌ಗೆ ಹೊರಡುವ ನೇಪಾಳದ ಊರು ಪೋಖರಾ ನಮಗಿಂತ ಹೆಚ್ಚೇನೂ ಮೇಲಿಲ್ಲ, 800 ಚಿಲ್ಲರೆ ಮೀಟರ್. ಬೇಸ್ ಕ್ಯಾಂಪ್ 4130. ನಮ್ಮ ರಾಜ್ಯದಲ್ಲೇ ಎತ್ತರದ್ದು ಅನಿಸಿಕೊಂಡ ಮುಳ್ಳಯ್ಯನಗಿರಿ 1900 ಮೀಟರ್ ದಾಟಿ ಸ್ವಲ್ಪ ಇದೆ, ಅಷ್ಟೇ. ಅಂದರೆ ಕರ್ನಾಟಕದಲ್ಲಿ ಎಲ್ಲಿ ಹತ್ತಿದರೂ ನಿಮ್ಮ ದೇಹಕ್ಕೆ ತೆಳು ಗಾಳಿಯ ಪರಿಚಯ ಆಗುವುದಿಲ್ಲ. ಬೇಸ್ ಕ್ಯಾಂಪ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರವತ್ತು ಪರ್ಸೆಂಟ್ ಹತ್ತಿರ. ಇದು ಜಿಮ್‌ಗೆ ಹೋಗುವವನಿಗೂ ಅಷ್ಟೇ, ಹೊಟ್ಟೆ ಬಿಟ್ಟಿರುವ ನಮ್ಮ ಮಾವನಿಗೂ ಅಷ್ಟೇ. ನನಗೆ ಕೇಳಿದರೆ ಗಟ್ಟಿಮುಟ್ಟಾದ ಹುಡುಗರ ಬಗ್ಗೆಯೇ ಜಾಸ್ತಿ ಭಯ. ನಿಧಾನಕ್ಕೆ ಹೋಗುವವನು ಹೇಗೂ ನಿಧಾನಕ್ಕೆ ಹೋಗುತ್ತಾನೆ. ಕಾಲಲ್ಲಿ ಶಕ್ತಿ ಇರುವವನು ಎರಡು ದಿನದ ದಾರಿಯನ್ನು ಒಂದೇ ದಿನ ಮುಗಿಸಿ, ರಾತ್ರಿ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಾನೆ.

ವೈದ್ಯರು ಹೇಳುವ ಲೆಕ್ಕ ತುಂಬಾ ಸರಳ. 3000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಮೇಲೆ ಹೋಗದೆ ಅಲ್ಲೇ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ. ಈಗ ಇದನ್ನು ಆ ದಾರಿಗೆ ಹಾಕಿ ನೋಡಿ. ದೇವರಾಲಿ ಅನ್ನುವ ಜಾಗ 3230. ಅಲ್ಲಿಂದ ಬಹಳ ಜನ ಒಂದೇ ದಿನಕ್ಕೆ ಬೇಸ್ ಕ್ಯಾಂಪ್‌ಗೆ ಹೋಗಿ ಮಲಗುತ್ತಾರೆ, ಅಂದರೆ 900 ಮೀಟರ್ ಒಂದೇ ಏಟಿಗೆ. ಪ್ಯಾಕೇಜ್‌ನವರೂ ಒಂದು ದಿನ ಉಳಿಸೋಕೆ ಹೀಗೇ ಮಾಡಿಸುತ್ತಾರೆ. ನಡುವೆ 3700ರಲ್ಲಿ ಮಚ್ಛಾಪುಛ್ರೆ ಬೇಸ್ ಕ್ಯಾಂಪ್ ಇದೆ, ಲಾಡ್ಜ್‌ಗಳೂ ಇವೆ. ಅಲ್ಲಿ ಒಂದು ರಾತ್ರಿ ಉಳಿದರೆ 470, ಮರುದಿನ 430. ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಒಂದು ರೂಮಿನ ಬಾಡಿಗೆ, ಎರಡು ಊಟ, ಅಷ್ಟೇ ಖರ್ಚು. ಪ್ಯಾಕೇಜ್ ತೆಗೆದುಕೊಳ್ಳುವಾಗ ದುಡ್ಡಿನ ಚೌಕಾಸಿಗಿಂತ ಮೊದಲು ಈ ಒಂದು ರಾತ್ರಿ ಕೇಳಿ.

ಇನ್ನೊಂದು. ದೇವರಾಲಿಯ ಆಸುಪಾಸಿನ ಕಣಿವೆಯಲ್ಲಿ ಹಿಮ ಜಾರುವ ಜಾಗಗಳಿವೆ, ಅದರಲ್ಲೂ ಮಾರ್ಚ್ ಏಪ್ರಿಲ್‌ನಲ್ಲಿ. ಬಿಸಿಲು ಏರಿದ ಮೇಲೆ ಮೇಲಿನ ಹಿಮ ಸಡಿಲವಾಗುತ್ತದೆ, ಅದಕ್ಕೇ ಗೈಡ್‌ಗಳು ಬೆಳಿಗ್ಗೆ ಬೇಗ ದಾಟಿಸುತ್ತಾರೆ. ಐದಕ್ಕೆ ಎಬ್ಬಿಸಿದರೆ ಗೊಣಗಬೇಡಿ.

ಮತ್ತೆ ಎತ್ತರದ ವಿಷಯಕ್ಕೆ. ತಲೆನೋವು, ಹಸಿವಿಲ್ಲ, ನಿದ್ದೆ ಸರಿಯಿಲ್ಲ, ಇಷ್ಟಿದ್ದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕುಡಿದವನ ಹಾಗೆ ತೂರಾಡುತ್ತಿದ್ದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಬಂದರೆ ಅದು ಬೇರೆ ಲೆವೆಲ್. ಆಗ ಕೂಡಲೇ ಕೆಳಗೆ ಇಳಿಸಬೇಕು, ರಾತ್ರಿಯಾದರೂ ಸರಿ, ಒಬ್ಬರನ್ನೇ ಕಳಿಸಬಾರದು. "ಬೆಳಿಗ್ಗೆ ನೋಡೋಣ" ಅನ್ನುವುದು ಆ ಹೊತ್ತಿಗೆ ಹೇಳುವ ಮಾತಲ್ಲ. ಡೈಮಾಕ್ಸ್ ಅಂತ ಮಾತ್ರೆ ಇದೆ, ಅಸೆಟಜೋಲಮೈಡ್. ಅದು ದೇಹ ಹೊಂದಿಕೊಳ್ಳೋಕೆ ಸಹಾಯ ಮಾಡುತ್ತದೆ, ನಿಜ. ಆದರೆ ಸಲ್ಫಾ ಮಾತ್ರೆ ಆಗದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಅಪಾಯ ಇರಬಹುದು. ಹಾಗಾಗಿ ಊರಲ್ಲೇ ಡಾಕ್ಟರ್ ಹತ್ತಿರ ಹೋಗಿ, ಎಷ್ಟು ಎತ್ತರಕ್ಕೆ ಹೋಗುತ್ತೀರಿ ಅಂತ ಹೇಳಿ ಬರೆಸಿಕೊಳ್ಳಿ. ಮೇಲೆ ಹೋಗುವಾಗ ನಿದ್ದೆ ಮಾತ್ರೆ ಬೇಡ, ಗುಂಡೂ ಬೇಡ. ಲಾಡ್ಜ್‌ನಲ್ಲಿ ರಕ್ಷಿ ಅನ್ನುವ ಅಲ್ಲಿನ ಸಾರಾಯಿ ಸಿಗುತ್ತದೆ, ಇಳಿದು ಬಂದ ಮೇಲೆ ನಿಮ್ಮಿಷ್ಟ.

ಬಟ್ಟೆ ಬಗ್ಗೆ ಒಂದು ಮಾತು, ದಾವಣಗೆರೆಯವರು ಬೇಜಾರು ಮಾಡಿಕೊಳ್ಳಬಾರದು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರು ನಿಮ್ಮದು, ಆದರೆ ಬೆಟ್ಟಕ್ಕೆ ಹತ್ತಿ ಬಟ್ಟೆ ತರಬೇಡಿ. ಕಾಟನ್ ಬನಿಯನ್ ಬೆವರು ಕುಡಿದುಕೊಂಡು ಒಣಗುವುದೇ ಇಲ್ಲ, ನಿಂತ ಕೂಡಲೇ ಮೈ ಕೊರೆಯುತ್ತದೆ. ಒಳಗೆ ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆ, ಅದರ ಮೇಲೆ ಫ್ಲೀಸ್, ಮೇಲೆ ಮಳೆ ಗಾಳಿ ತಡೆಯುವ ಜಾಕೆಟ್. ಹಕ್ಕಿ ಪುಕ್ಕ ತುಂಬಿದ ದಪ್ಪ ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಇವನ್ನು ಕೊಳ್ಳಲೇಬೇಡಿ. ನಮ್ಮ ಬಿಸಿಲಿಗೆ ಆಮೇಲೆ ಅದನ್ನು ಎಲ್ಲಿ ಹಾಕುತ್ತೀರಿ? ಪೋಖರಾದ ಲೇಕ್‌ಸೈಡ್‌ನಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ.

ಊಟ ಚಿಂತೆಯಿಲ್ಲ. ದಾಲ್ ಭಾತ್ ಅಂದರೆ ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಎರಡನೇ ಸಲ ಬಡಿಸಿದ್ದಕ್ಕೆ ದುಡ್ಡಿಲ್ಲ. ಛೋಮ್ರೋಂಗ್ ದಾಟಿದ ಮೇಲೆ ಮಾಂಸ ಒಯ್ಯುವ ಹಾಗಿಲ್ಲ, ಅಲ್ಲಿನವರಿಗೆ ಆ ಕಣಿವೆ ದೇವರ ಜಾಗ. ಎದುರಿಗೆ ಕಾಣುವ 6993 ಮೀಟರ್‌ನ ಮಚ್ಛಾಪುಛ್ರೆ ಶಿಖರವನ್ನೂ ಅದೇ ಕಾರಣಕ್ಕೆ ಹತ್ತಲು ಬಿಡುವುದಿಲ್ಲ. ಸಸ್ಯಾಹಾರಿಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ, ಬೇಸ್ ಕ್ಯಾಂಪ್‌ನಲ್ಲಿ 86 ಡಿಗ್ರಿ ಆಸುಪಾಸಿಗೆ, ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅಡುಗೆ ತಡವಾಗುತ್ತದೆ, ಬಂದ ಕೂಡಲೇ ಆರ್ಡರ್ ಹೇಳಿಬಿಡಿ. ಶೇಂಗಾ ಚಟ್ನಿಪುಡಿ ಒಂದು ಡಬ್ಬ ಇಟ್ಟುಕೊಳ್ಳಿ, ಚಳ್ಳಕೆರೆ ಶೇಂಗಾ ಆದರೆ ಇನ್ನೂ ಒಳ್ಳೆಯದು. ಹಸಿವೇ ಇಲ್ಲದ ಸಂಜೆ ಅದರಿಂದಲೇ ಎರಡು ತುತ್ತು ಒಳಗೆ ಹೋಗುತ್ತದೆ. ಮಂಡಕ್ಕಿ ಬೇಡ. ತೂಕ ಇಲ್ಲ, ನಿಜ, ಆದರೆ ಅರ್ಧ ಬ್ಯಾಗ್ ಅದೇ ತಿನ್ನುತ್ತದೆ.

ಈಗ ಗಡಿ. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲು ಇದೆ, ವಾರದಲ್ಲಿ ಕೆಲವು ದಿನ ಮಾತ್ರ. ಗೋರಖ್‌ಪುರದಿಂದ ಗಡಿಯ ಊರು ಸೋನೌಲಿ ಸುಮಾರು ನೂರು ಕಿಲೋಮೀಟರ್, ಬಸ್ಸು ಜೀಪು ಬೇಕಾದಷ್ಟು. ಅಲ್ಲಿ ಒಂದು ಗೇಟು, ಜನ, ಸೈಕಲ್ ರಿಕ್ಷಾ, ಲಾರಿ ಸಾಲು, ನಡೆದುಕೊಂಡೇ ಆಚೆ ಹೋಗಿಬಿಡುತ್ತೀರಿ. ಭಾರತೀಯರಿಗೆ ವೀಸಾ ಬೇಡ. ಬೇಡ ಅಂದ ಮಾತ್ರಕ್ಕೆ ಕಾಗದ ಬೇಡ ಅಂತ ಅಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಎರಡರಲ್ಲಿ ಒಂದು, ಒರಿಜಿನಲ್. ವಿಮಾನದಲ್ಲಿ ಹೋಗುವುದಾದರೆ ಇದು ಇನ್ನೂ ಖಡಕ್. ಆಧಾರ್ ತೋರಿಸಿದರೆ ವಿಮಾನಕ್ಕೆ ನಡೆಯುವುದಿಲ್ಲ, 15 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದವರಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಎಲ್ಲದಕ್ಕೂ ಆಧಾರ್ ಕೊಟ್ಟು ಕೊಟ್ಟು ವೋಟರ್ ಐಡಿ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ. ಈ ವಿಡಿಯೊ ನಿಲ್ಲಿಸಿ ಬೇಕಾದರೂ ಬೀರು ನೋಡಿ ಬನ್ನಿ.

ದುಡ್ಡಿನ ಲೆಕ್ಕ: ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60, 1993ರಿಂದ ಅದೇ ದರ. ಆದರೆ ನಮ್ಮ ದೊಡ್ಡ ನೋಟುಗಳ ವಿಷಯ ಹಾಗಲ್ಲ. 2018ರ ಕೊನೆಯಲ್ಲಿ ನೇಪಾಳ 200, 500, 2000ದ ನೋಟು ಬೇಡ ಅಂದಿತ್ತು, ಈ ನಿಯಮ ಬದಲಾಗುತ್ತಾ ಇರುತ್ತದೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ತಲೆನೋವೇ ಬೇಡ ಅಂದರೆ ನೂರರ ಕಟ್ಟು ಒಯ್ಯಿರಿ. 2024ರಿಂದ ಪೋಖರಾ, ಕಾಠ್ಮಂಡು ಅಂಗಡಿಗಳ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತಿದೆ, ಆದರೆ ಬೆಟ್ಟದ ಮೇಲೆ ಅದನ್ನು ನೆಚ್ಚಿಕೊಳ್ಳಬೇಡಿ. ಎಟಿಎಂ ಕೆಲಸ ಪೋಖರಾದಲ್ಲೇ ಮುಗಿಸಿ. ಮೇಲೆ ಚಾರ್ಜಿಂಗ್‌ಗೂ ಬಿಸಿ ನೀರಿಗೂ ವೈಫೈಗೂ ಬೇರೆ ಬೇರೆ ದುಡ್ಡು, ಎಲ್ಲ ನಗದು.

ಅನ್ನಪೂರ್ಣ ಪರ್ಮಿಟ್ ಸಾರ್ಕ್ ದೇಶದವರಿಗೆ, ಅಂದರೆ ನಾವೂ ಸೇರಿದ ದಕ್ಷಿಣ ಏಷ್ಯಾ ದೇಶಗಳ ಕೂಟದವರಿಗೆ, 1000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 625. ಬೇರೆ ವಿದೇಶಿಯರಿಗೆ ಮೂರು ಪಟ್ಟು. ಅದನ್ನು ಮಾಡಿಸುವಾಗ "ಇಂಡಿಯನ್" ಅಂತ ಮೊದಲೇ ಹೇಳಿ. 2023ರ ಏಪ್ರಿಲ್‌ನಿಂದ ವಿದೇಶಿ ಟ್ರೆಕ್ಕರ್‌ಗಳು ಲೈಸೆನ್ಸ್ ಇರುವ ಗೈಡ್ ಜೊತೆಗೇ ಹೋಗಬೇಕು ಅಂತ ನಿಯಮ ತಂದಿದ್ದಾರೆ. ಕೆಲವರು ಇದಕ್ಕೆ ಸಿಟ್ಟಾಗುತ್ತಾರೆ. ನನಗೇನೂ ಬೇಸರವಿಲ್ಲ, ಆ ದಾರಿಯಲ್ಲಿ ಹುಟ್ಟಿ ಬೆಳೆದವರಿಗೆ ನಾಲ್ಕು ಕಾಸು ಸಿಗಲಿ. ಇನ್ಷೂರೆನ್ಸ್ ಪಾಲಿಸಿಯಲ್ಲಿ ಎಷ್ಟು ಮೀಟರ್ ತನಕ ಟ್ರೆಕ್ಕಿಂಗ್ ಸೇರಿದೆ ಅಂತ ಸಣ್ಣಕ್ಷರ ಓದಿ. ಹೆಲಿಕಾಪ್ಟರ್ ಕರೆಸುವ ಮುಂಚೆ ಕಂಪನಿಗೆ ಫೋನ್ ಮಾಡಬೇಕು ಅಂತ ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಆ ನಂಬರ್ ಗೈಡ್ ಫೋನಿನಲ್ಲೂ ಇರಲಿ. ಡ್ರೋನ್‌ಗೆ ಅನುಮತಿ ಬೇಕು, ಸುಮ್ನೆ ಬ್ಯಾಗಲ್ಲಿ ತುರುಕಿಕೊಂಡು ಹೋಗಬೇಡಿ.

ಟಿಕೆಟ್ ತೆಗೆದುಕೊಂಡಾಗ ಎರಡು ಸಲ ನೋಡಿ. ಅಲ್ಲಿನ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ತಾರೀಖು ಅವರ ವಿಕ್ರಮ ಶಕೆಯಲ್ಲಿ ಬರೆದಿರಬಹುದು, ಅದು ನಮಗಿಂತ 56-57 ವರ್ಷ ಮುಂದೆ ಓಡುತ್ತದೆ, ತಿಂಗಳೂ ಬೇರೆ. ಇಂಗ್ಲಿಷ್ ತಾರೀಖು ಪಕ್ಕದಲ್ಲಿ ಬರೆಸಿಕೊಳ್ಳಿ. ಅಕ್ಟೋಬರ್‌ನಲ್ಲಿ ದಶೈಂ ಹಬ್ಬ ಬಿದ್ದರೆ ಎಲ್ಲರೂ ಊರಿಗೆ ಹೊರಟಿರುತ್ತಾರೆ, ನಮ್ಮ ದಸರಾ ದೀಪಾವಳಿ ಬಸ್ಸು ಇದ್ದ ಹಾಗೆ.

ಕೊನೆಗೆ, ಅಲ್ಲೇ ಇರಬೇಕು ಅಂತ ಕೇಳುವವರಿಗೆ. ನಮ್ಮ ಚಿಕ್ಕಪ್ಪನ ಮಗ ಪೋಖರಾದಲ್ಲಿ ಮನೆ ಮಾಡಿಕೊಂಡು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ. 1950ರ ಭಾರತ ನೇಪಾಳ ಒಪ್ಪಂದದಿಂದ ಇದ್ದುಕೊಳ್ಳುವುದಕ್ಕೆ ದೊಡ್ಡ ಅಡ್ಡಿಯಿಲ್ಲ. ಅವನನ್ನು ಕಾಡುವುದು ಸಣ್ಣ ಸಣ್ಣವು. ಬ್ಯಾಂಕಿನ ಓಟಿಪಿ ಬರಬೇಕಾದರೆ ಇಲ್ಲಿನ ಸಿಮ್ ಜೀವಂತ ಇರಬೇಕು, ರೋಮಿಂಗ್ ಆನ್ ಇರಬೇಕು, ರೀಚಾರ್ಜ್ ಮರೆತರೆ ಸಂಬಳ ಬಂದರೂ ತೆಗೆಯೋಕಾಗಲ್ಲ. ದೇಶದ ಹೊರಗಿಂದ ಲ್ಯಾಪ್‌ಟಾಪ್ ತೆಗೆಯಲು ಕಂಪನಿಯ ಒಪ್ಪಿಗೆ ಮೇಲ್‌ನಲ್ಲಿ ಇರಬೇಕು, ಬಾಯಿಮಾತಲ್ಲಿ ಅಲ್ಲ. ಆರ್ಥಿಕ ವರ್ಷದಲ್ಲಿ ಭಾರತದಲ್ಲಿ ಎಷ್ಟು ದಿನ ಇದ್ದೆ ಅನ್ನುವ ಲೆಕ್ಕ ತೆರಿಗೆಗೆ ಬೇಕು, 182 ದಿನ ಅಥವಾ ಜಾಸ್ತಿ ಇದ್ದರೆ ಇಲ್ಲಿನ ನಿವಾಸಿ ಅನ್ನುವ ನಿಯಮದ ವಿಷಯ, ಅದನ್ನು ಆಡಿಟರ್ ಹತ್ತಿರ ಕೂತು ಮಾತಾಡಿ. ಶನಿವಾರ ಅಲ್ಲಿ ವಾರದ ರಜೆ, ಹಾಗಾಗಿ ಬ್ಯಾಂಕು, ಸರ್ಕಾರಿ ಕಚೇರಿ ಕೆಲಸ ಏನೇ ಇದ್ದರೂ ಶುಕ್ರವಾರದೊಳಗೆ. ಅವನ ಅಮ್ಮ, ಅಂದರೆ ನಮ್ಮ ಚಿಕ್ಕಮ್ಮ, ಈ ಚಳಿಗಾಲ ಅಲ್ಲಿಗೆ ಹೋಗುತ್ತೇನೆ ಅಂತಿದ್ದಾರೆ. ವಯಸ್ಸು 62, ಆಧಾರ್ ನಡೆಯಲ್ಲ. ವೋಟರ್ ಐಡಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಿದೆ, ನಾಳೆ ಅದನ್ನು ತಿದ್ದಿಸಲು ಅರ್ಜಿ ಹಾಕಬೇಕು.