ದಿಡ್ಡಿ ಬಾಗಿಲು ಹಾಕುವ ಹೊತ್ತು

ನಮಸ್ಕಾರ. ಕಡಲಿಲ್ಲದ ಬಳ್ಳಾರಿಯಲ್ಲಿ ಕುಳಿತು ಹಡಗಿನ ಮಾತಾಡುವುದು ವಿಚಿತ್ರವೆನಿಸಬಹುದು. ಆದರೆ ಸಂಡೂರಿನ ಅದಿರು ಲಾರಿಯೇರಿ, ಪರ್ಮಿಟ್ಟು, ವೇಬ್ರಿಡ್ಜು, ಚೆಕ್‌ಪೋಸ್ಟುಗಳನ್ನೆಲ್ಲ ದಾಟಿ ಬೇಲೆಕೇರಿ ಬಂದರು ಸೇರಿದ್ದನ್ನೂ, ಅಲ್ಲಿ ಜಪ್ತಿಯಾಗಿದ್ದ ಅದಿರೇ 2010ರಲ್ಲಿ ಕಾಣೆಯಾದದ್ದನ್ನೂ ಬಲ್ಲ ನಮಗೆ, ಕಾನೂನು ಇರುವುದಕ್ಕೂ ಅದು ಜಾರಿಯಾಗುವುದಕ್ಕೂ ನಡುವೆ ಎಷ್ಟು ಹರದಾರಿ ಇದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಂದಿನ ವಿಷಯ ಅದಿರಲ್ಲ, ಆಯುಧ. ತನ್ನ ನೆಲದಿಂದ ಪರದೇಶದ ಬಂಡುಕೋರರಿಗೆ ಆಯುಧ ಹೋಗದಂತೆ ತಡೆಯುವ ತಾಟಸ್ಥ್ಯದ ಕಾನೂನನ್ನು ಒಂದು ದೇಶ ಯಾವ ಹೊತ್ತಿನಲ್ಲಿ ಜಾರಿ ಮಾಡಬೇಕು ಎಂಬುದು ಪ್ರಶ್ನೆ.

ಬ್ರಿಟನ್ನಿನಲ್ಲಿ ಇಂಥ ಕಾನೂನು 1819ರಲ್ಲೇ ಇತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಬಂಡಾಯ ರಾಜ್ಯಗಳಿಗಾಗಿ ಬರ್ಕನ್‌ಹೆಡ್‌ನ ಹಡಗುಕಟ್ಟೆಯಲ್ಲಿ 290 ಎಂಬ ಸಂಖ್ಯೆಯ ಹಡಗೊಂದು ಸಿದ್ಧವಾಗುತ್ತಿತ್ತು. ಲಿವರ್‌ಪೂಲಿನಲ್ಲಿದ್ದ ಅಮೆರಿಕದ ಕಾನ್ಸಲ್ (ರಾಯಭಾರ ಅಧಿಕಾರಿ) ಸಾಕ್ಷಿಗಳ ಪ್ರಮಾಣಪತ್ರಗಳನ್ನು ಸಂಗ್ರಹಿಸಿಕೊಟ್ಟರೂ, ಸಾಕ್ಷ್ಯ ಸಾಲದೆಂದು ಕಸ್ಟಮ್ಸ್‌ನವರು ಕೈಚೆಲ್ಲಿದರು. ಸರ್ಕಾರಿ ಕಾನೂನು ಸಲಹೆಗಾರರಿಗೆ ಕಳಿಸಿದ ಕಾಗದಗಳು, ಅವರಲ್ಲೊಬ್ಬರು ಮನೋರೋಗಕ್ಕೆ ತುತ್ತಾಗಿದ್ದರಿಂದ, ದಿನಗಟ್ಟಲೆ ಅವರ ಮನೆಯಲ್ಲೇ ಬಿದ್ದಿದ್ದವು. (ಕಡತ ಎಲ್ಲಿದೆ ಎಂದು ಕೇಳಿಕೊಂಡು ತಾಲೂಕು ಕಚೇರಿ ಅಲೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.) ಹಡಗನ್ನು ತಡೆಯಬೇಕೆಂಬ ಸಲಹೆ ಬರುವ ಹೊತ್ತಿಗೆ, 1862ರ ಜುಲೈ 29ರಂದು, ಅದು ಪರೀಕ್ಷಾ ಸಂಚಾರದ ನೆಪದಲ್ಲಿ ಅತಿಥಿಗಳನ್ನು ಕೂರಿಸಿಕೊಂಡು ಹೊರಟು, ಅವರನ್ನು ಬೇರೆ ದೋಣಿಯಲ್ಲಿ ಹಿಂದಕ್ಕೆ ಕಳಿಸಿ, ಅಜೋರ್ಸ್ ದ್ವೀಪಗಳ ಬಳಿ ಫಿರಂಗಿಗಳನ್ನು ಏರಿಸಿಕೊಂಡು 'ಅಲಬಾಮಾ' ಆಗಿ ಮಾರ್ಪಟ್ಟಿತು. ಮುಂದಿನ ಎರಡು ವರ್ಷಗಳಲ್ಲಿ ಅದು ಹಿಡಿದ ಅಥವಾ ಸುಟ್ಟ ಹಡಗುಗಳು 60ಕ್ಕೂ ಹೆಚ್ಚು. ಬ್ರಿಟನ್ ತಕ್ಕಷ್ಟು ಎಚ್ಚರ ವಹಿಸಲಿಲ್ಲವೆಂದು ತೀರ್ಮಾನಿಸಿದ ಜಿನೀವಾದ ನ್ಯಾಯಮಂಡಳಿ, 1872ರಲ್ಲಿ ಅಲಬಾಮಾ ಮತ್ತು ಅಂಥ ಇತರ ಹಡಗುಗಳಿಂದಾದ ನಷ್ಟಕ್ಕೆ 1 ಕೋಟಿ 55 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದಕ್ಕೆ ತೆತ್ತ ದಂಡ ಅದು.

ತೊಡಕು ಕಾನೂನಿನ ಒಳಗೂ ಇದೆ. ಅಮೆರಿಕದ 1794ರ ಕಾನೂನು ಅಲ್ಲಿಂದ ಸ್ನೇಹದೇಶದ ಮೇಲೆ ದಂಡಯಾತ್ರೆ ಹೊರಡಿಸುವುದನ್ನು ನಿಷೇಧಿಸಿತೇ ಹೊರತು, ಆಯುಧವನ್ನು ಬರಿಯ ಸರಕಾಗಿ ಸಾಗಿಸುವುದನ್ನಲ್ಲ. ಕ್ಯೂಬಾದ ಬಂಡುಕೋರರನ್ನು ಒಯ್ದ ಹಡಗಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1896ರಲ್ಲಿ ಈ ಭೇದವನ್ನೇ ಸ್ಪಷ್ಟಪಡಿಸಿತು: ಸಂಘಟಿತರಾದ ಜನರೂ ಆಯುಧವೂ ಕೂಡಿ ಹೊರಟರೆ ಅಪರಾಧ, ಪೆಟ್ಟಿಗೆಗಳಷ್ಟೇ ಹೊರಟರೆ ವ್ಯಾಪಾರ. ಜನರನ್ನು ಒಂದು ಕಡೆ, ಪೆಟ್ಟಿಗೆಗಳನ್ನು ಇನ್ನೊಂದು ಕಡೆ ಹತ್ತಿಸಿ ನಡುಗಡಲಲ್ಲಿ ಕೂಡಿಸುವ ಉಪಾಯ ಹುಟ್ಟುವುದಕ್ಕೆ ಇಷ್ಟು ಸಂದು ಸಾಕು.

ನಮಗೆ ಕಹಿಯಾಗುವ ಪ್ರಕರಣವನ್ನೂ ಮುಚ್ಚಿಡಬಾರದು. 1915ರಲ್ಲಿ 'ಆನಿ ಲಾರ್ಸನ್' ಎಂಬ ಹಾಯಿಹಡಗು ಸ್ಯಾನ್ ಡಿಯಾಗೋದಿಂದ ಹೊತ್ತು ಹೊರಟ ಬಂದೂಕುಗಳು ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೇಳಲು ಹೊರಟಿದ್ದ ಗದರ್ ಪಕ್ಷದ ಭಾರತೀಯ ಕ್ರಾಂತಿಕಾರಿಗಳಿಗಾಗಿ, ಅಂದರೆ ನಮ್ಮವರಿಗಾಗಿ, ಜರ್ಮನಿಯ ಹಣದಿಂದ ಕೊಂಡವು. ಆ ಸರಕು ಜೂನ್‌ನಲ್ಲೇ ಜಪ್ತಿಯಾಯಿತು. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಚಾರಣೆ ಆರಂಭವಾದದ್ದು 1917ರ ನವೆಂಬರ್‌ನಲ್ಲಿ, ಅಮೆರಿಕ ತಾನೇ ಬ್ರಿಟನ್ನಿನ ಜೊತೆ ಯುದ್ಧಕ್ಕಿಳಿದ ಮೇಲೆ. ತಾಟಸ್ಥ್ಯವನ್ನೇ ಬಿಟ್ಟುಕೊಟ್ಟ ದೇಶ ತಾಟಸ್ಥ್ಯಭಂಗಕ್ಕೆ ಶಿಕ್ಷೆ ವಿಧಿಸಿತು. ಆ ಕ್ರಾಂತಿಕಾರಿಗಳ ಬಗ್ಗೆ ನನಗೆ ಗೌರವವಿದೆ. ಹಡಗನ್ನು ಹಿಡಿದದ್ದು ತಪ್ಪೆಂದು ಮಾತ್ರ ನಾನು ಹೇಳಲಾರೆ.

ಏಕೆಂದರೆ 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದ ಹಳ್ಳಿಗಳ ಮೇಲೆ ವಿಮಾನದಿಂದ ಬಂದೂಕುಗಳು ಬಿದ್ದಾಗ ನಾವು ಕೇಳಿದ್ದು, ಹೊರಟ ಕಡೆಯಲ್ಲೇ ಇದನ್ನು ಏಕೆ ತಡೆಯಲಿಲ್ಲ ಎಂಬ ಇದೇ ಪ್ರಶ್ನೆಯನ್ನು. ಬಲ್ಗೇರಿಯಾದಲ್ಲಿ ಕೊಂಡ ಆ ಸರಕಿನ ಕಾಗದ ಬಾಂಗ್ಲಾದೇಶದ ಹೆಸರಿನಲ್ಲಿತ್ತು. ವಿಮಾನ ವಾರಾಣಸಿಯಲ್ಲಿ ಇಳಿದು ಇಂಧನ ತುಂಬಿಸಿಕೊಂಡೇ ಹಾರಿತು. ಕೊಳ್ಳುವವನ ಹೆಸರಿನ ಪತ್ರ ನಿಜವೇ ಎಂದು ಸಂಬಂಧಪಟ್ಟ ಸರ್ಕಾರವನ್ನೇ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಸರಕು ಅಲುಗಬಾರದೆಂಬುದು ನನ್ನ ಮೊದಲ ಬೇಡಿಕೆ.

ಭಾರತದ ನೆಲದಿಂದ ಹೊರಡುವುದರ ವಿಷಯಕ್ಕೆ ಬಂದರೆ, ಹಳೆಯ ದಂಡಸಂಹಿತೆಯ 125ನೇ ಕಲಮು ಏಷ್ಯಾದ ರಾಷ್ಟ್ರಗಳಿಗಷ್ಟೇ ರಕ್ಷಣೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 153ನೇ ಕಲಮು, ನಮ್ಮೊಡನೆ ಶಾಂತಿಯಿಂದಿರುವ ಯಾವುದೇ ವಿದೇಶದ ವಿರುದ್ಧ ಯುದ್ಧ ಹೂಡುವುದನ್ನೂ ಅದಕ್ಕೆ ಕುಮ್ಮಕ್ಕು ಕೊಡುವುದನ್ನೂ ಜೀವಾವಧಿಯವರೆಗಿನ ಶಿಕ್ಷೆಗೆ ಗುರಿಮಾಡುತ್ತದೆ. ಒಳ್ಳೆಯದೇ. ಆದರೆ ಕುಮ್ಮಕ್ಕನ್ನು ಸಾಬೀತು ಮಾಡುವುದು ನ್ಯಾಯಾಲಯದಲ್ಲಿ, ವರ್ಷಗಳ ನಂತರ. ಪೆಟ್ಟಿಗೆ ಹೋಗುವುದು ಇಂದು ರಾತ್ರಿ.

ಅಲಬಾಮಾದಿಂದ ಪಾಠ ಕಲಿತ ಬ್ರಿಟನ್ 1870ರ ಕಾನೂನಿನಲ್ಲಿ, ಅನುಮಾನಕ್ಕೆ ತಕ್ಕ ಕಾರಣವಿದ್ದರೆ ಹಡಗನ್ನು ಹೊರಡುವ ಮುನ್ನವೇ ತಡೆಯುವ ಅಧಿಕಾರವನ್ನೂ, ಕಾರಣವಿಲ್ಲದೆ ತಡೆದರೆ ಮಾಲೀಕನಿಗೆ ಪರಿಹಾರವನ್ನೂ ಒಟ್ಟಿಗೆ ಇಟ್ಟಿತು. ಇವೆರಡೂ ಜೊತೆಯಲ್ಲಿ ಬೇಕು. ಸಂಡೂರಿನ ಗಣಿಯಲ್ಲಿ ಜಿಲೆಟಿನ್ ಕಡ್ಡಿಯ ಲೆಕ್ಕ ತಪ್ಪಿದರೆ ಮದ್ದಿನ ಮನೆಗೆ ಬೀಗ ಹಾಕಿಸಿ ಆಮೇಲೆ ಎಣಿಸುತ್ತೇವೆ. ಬಂದರಿನ ಕಸ್ಟಮ್ಸ್ ಅಧಿಕಾರಿಯೂ ಹಾಗೆ ಮಾಡಬೇಕಾದರೆ, ಅವನ ಅನುಮಾನ ಸುಳ್ಳಾದ ದಿನ ಹಡಗಿನ ಬಾಡಿಗೆಯನ್ನು ಸರ್ಕಾರ ತುಂಬಿಕೊಡಬೇಕು, ಅವನ ಕೈಗೆ ವರ್ಗಾವಣೆ ಪತ್ರ ಕೊಡಬಾರದು.