ಎಡಿನ್‌ಬರಾದಲ್ಲಿ ಒಂದು ಮಳೆ ಶನಿವಾರ: ಬಟ್ಟೆ ಒಣಗಿಸೋ ಗಳ, ಔಷಧಿ ಅಂಗಡಿ, ಮಗಳ ಹಾಡು

ಎಲ್ಲರಿಗೂ ನಮಸ್ಕಾರ. ಇವತ್ತು ಶನಿವಾರ, ಡಿಸೆಂಬರ್ ಎರಡನೇ ವಾರ, ಟೈಮ್ ಬೆಳಿಗ್ಗೆ ಎಂಟೂವರೆ ಆಗಿದೆ, ಕಿಟಕಿ ಆಚೆ ನೋಡಿ, ಇನ್ನೂ ಬೀದಿ ದೀಪ ಉರೀತಾ ಇದೆ. ಮಧ್ಯಾಹ್ನ ಮೂರು ಮುಕ್ಕಾಲಿಗೆ ಮತ್ತೆ ಕತ್ತಲು. ಹೊಸಬರಿಗೆ ಹೇಳ್ಬಿಡ್ತೀನಿ, ನಾನು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಹತ್ರ, ಆಮೇಲೆ ಹದಿನೆಂಟು ವರ್ಷ ನ್ಯೂಜೆರ್ಸಿ, ಪಾಸ್‌ಪೋರ್ಟ್ ಅಮೆರಿಕದ್ದು, ಈಗ ನಮ್ಮನೆಯವರ ಕೆಲಸದ ಸಲುವಾಗಿ ಒಂದು ವರ್ಷಕ್ಕೆ ಅಂತ ಸ್ಕಾಟ್ಲೆಂಡಿಗೆ ಬಂದಿದೀವಿ. ಆಗಸ್ಟಲ್ಲಿ ಬಂದ್ವಿ, ಮುಂದಿನ ಜುಲೈಗೆ ವಾಪಸ್.

ಇದು ಮಾರ್ಚ್‌ಮಂಟ್ ಅನ್ನೋ ಏರಿಯಾ. ಎಲ್ಲಾ ವಿಕ್ಟೋರಿಯಾ ರಾಣಿ ಕಾಲದ ಕಲ್ಲಿನ ಕಟ್ಟಡಗಳು, ಟೆನೆಮೆಂಟ್ ಅಂತಾರೆ, ಒಂದೇ ಮೆಟ್ಟಿಲಿಗೆ ಎಂಟು ಹತ್ತು ಮನೆ. ನಮ್ಮದು ಥರ್ಡ್ ಫ್ಲೋರ್, ಲಿಫ್ಟ್ ಇಲ್ಲ. ಇಲ್ಲಿ ಥರ್ಡ್ ಫ್ಲೋರ್ ಅಂದ್ರೆ ನಮ್ಮೂರ ಲೆಕ್ಕ, ನಿಜವಾಗ್ಲೂ ಮೂರು ಮಹಡಿ ಹತ್ತಬೇಕು, ಅಮೆರಿಕದ ಲೆಕ್ಕ ಅಲ್ಲ. ಇಂಥದ್ದು ತುಂಬಾ ಇದೆ, ಪ್ಲಗ್ ಪಕ್ಕದಲ್ಲೇ ಸ್ವಿಚ್ ಇರುತ್ತೆ, ಲಿಫ್ಟ್, ಟಾರ್ಚ್, ರಬ್ಬರ್ ಅಂತ ನಾನು ಸ್ಕೂಲಲ್ಲಿ ಕಲಿತ ಪದಗಳೇ ಇಲ್ಲಿ ಎಲ್ಲರ ಬಾಯಲ್ಲಿ, ತಾರೀಖು ಮೊದಲು ತಿಂಗಳು ಆಮೇಲೆ, ಝಡ್ ಅಂದ್ರೆ ಯಾರೂ ತಿದ್ದಲ್ಲ. ಹದಿನೆಂಟು ವರ್ಷ ಒಂದೊಂದಾಗಿ ಬಿಟ್ಟುಕೊಟ್ಟ ಪದಗಳು ಒಟ್ಟಿಗೆ ವಾಪಸ್ ಸಿಕ್ಕಿದ ಹಾಗಾಯ್ತು ನಂಗೆ. ಮಗಳಿಗೆ ಮಾತ್ರ ಎಲ್ಲಾ ಹೊಸದು, ಅವಳು ಹುಟ್ಟಿದ್ದೇ ಅಲ್ಲಿ.

ಈಗ ನೀವು ನೋಡ್ತಿರೋದು ನಮ್ಮ ಅಡುಗೆಮನೆ ಸೀಲಿಂಗು. ಈ ಮನೇಲಿ ನಂಗೆ ತುಂಬಾ ಇಷ್ಟವಾದ ವಸ್ತು ಇದೇ, ಸೀಲಿಂಗಿಂದ ಇಳಿಬಿಟ್ಟಿರೋ ಬಟ್ಟೆ ಒಣಗಿಸೋ ಗಳ. ಎರಡು ತುದೀಲಿ ಎರಕದ ಕಬ್ಬಿಣದ ಚೌಕಟ್ಟು, ಅದರೊಳಗೆ ಉದ್ದಕ್ಕೆ ನಾಲ್ಕು ಮರದ ಪಟ್ಟಿ, ಹಗ್ಗ ಮೇಲಿನ ಚಕ್ರದ ಮೇಲೆ ಹಾದು ಬಂದು ಗೋಡೆಯ ಕೊಕ್ಕೆಗೆ ಸುತ್ತಿರುತ್ತೆ. ಹಗ್ಗ ಬಿಚ್ಚಿ, ಎದೆ ಎತ್ತರಕ್ಕೆ ಇಳಿಸಿ, ಬಟ್ಟೆ ಹರವಿ, ಮತ್ತೆ ಎಳೆದು ಮೇಲಕ್ಕೆ ಏರಿಸಿ ಕಟ್ಟೋದು. ಇಲ್ಲಿಯವರು ಪುಲಿ ಅಂತಾರೆ. ಬಿಸಿ ಗಾಳಿ ಮೇಲೇ ನಿಲ್ಲುತ್ತಲ್ಲ, ಅಡುಗೆ ಮಾಡಿದ ಶಾಖಕ್ಕೇ ಅರ್ಧ ಒಣಗುತ್ತೆ. ಕೆಳಗಿನ ಮನೆ ಅಜ್ಜಿ ಹೇಳಿಕೊಟ್ರು, ಭಾರದ ಬಟ್ಟೆ ಎಲ್ಲಾ ಒಂದೇ ಕಡೆ ಹಾಕಬೇಡಮ್ಮ ಓಲುತ್ತೆ, ಜೀನ್ಸ್ ಈ ತುದಿಗೊಂದು ಆ ತುದಿಗೊಂದು, ಹುಳಿ ಕುದಿಸೋ ದಿನ ಕಿಟಕಿ ಸ್ವಲ್ಪ ತೆಗೆದಿಡು ಅಂತ. ಹುಳಿ ಅನ್ನಲಿಲ್ಲ ಬಿಡಿ, ನಿನ್ನ ಆ ಸೂಪ್ ಅಂದ್ರು.

ನ್ಯೂಜೆರ್ಸೀಲಿ ನಾವಿದ್ದ ಹೌಸಿಂಗ್ ಕಮ್ಯುನಿಟೀಲಿ ಹೊರಗೆ ಬಟ್ಟೆ ಹರವೋ ಹಾಗೇ ಇರಲಿಲ್ಲ, ಎಲ್ಲಾ ಡ್ರೈಯರಿಗೆ, ಮುಕ್ಕಾಲು ಗಂಟೆ, ಆಯ್ತು. ಬಟ್ಟೆ ಒಣಗೋದಕ್ಕೂ ಆಕಾಶಕ್ಕೂ ಸಂಬಂಧ ಇದೆ ಅನ್ನೋದೇ ಮರೆತುಹೋಗಿತ್ತು. ಇಲ್ಲಿ ಬಂದು ಮೊದಲ ವಾರ ಈ ಪುಲಿ ಇಳಿಸಿದಾಗ ನಂಗೆ ಥಟ್ ಅಂತ ನಮ್ಮನೆ ಬಚ್ಚಲ ಒಲೆ ಕಣ್ಮುಂದೆ ಬಂತು, ಆಷಾಢದಲ್ಲಿ ಒಲೆ ಮೇಲ್ಗಡೆ ಗಳ ಕಟ್ಟಿರ್ತಿದ್ರು, ಯೂನಿಫಾರ್ಮ್ ಅದರ ಮೇಲೇ, ಸ್ಕೂಲಿಗೆ ಹೋದ್ರೆ ಇಡೀ ಕ್ಲಾಸು ಹೊಗೆ ವಾಸನೆ.

ಮಳೆ ಬಗ್ಗೆ ಒಂದ್ಮಾತು ಹೇಳಲೇಬೇಕು. ಇಲ್ಲಿ ಮಳೆಗೆ ಎಷ್ಟು ಪದ ಅಂತೀರಾ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿದ್ದು ಸ್ವೆಟರ್ ಪೂರ್ತಿ ತೋಯಿಸುತ್ತಲ್ಲ, ಅದಕ್ಕೆ ಸ್ಮರ್ ಅಂತಾರೆ, ನಾವು ಸೋನೆ ಅಂತೀವಲ್ಲ ಅದೇ. ಇಡೀ ದಿನ ಮಬ್ಬು, ಥಂಡಿ, ಜಿಟಿಜಿಟಿ ಇದ್ರೆ ಡ್ರೀಖ್. ಸಮುದ್ರದ ಕಡೆಯಿಂದ ಮಂಜು ನುಗ್ಗಿ ಬಂದ್ರೆ ಹಾರ್, ಅವತ್ತು ಇಲ್ಲಿಂದ ಆರ್ಥರ್ಸ್ ಸೀಟ್ ಗುಡ್ಡ ಇದ್ಯೋ ಇಲ್ವೋ ಗೊತ್ತಾಗಲ್ಲ. ಮಳೆ ಜೊತೆ ಬದುಕೋ ಜನಕ್ಕೆ ಒಂದು ಪದ ಸಾಕಾಗಲ್ಲ, ಮಲೆನಾಡಲ್ಲೂ ಹಾಗೇ ತಾನೆ. ನಂಗೆ ಬಿಸಿಲು ಬೇಕು ಅನ್ಸುತ್ತೆ, ತುಂಬಾನೇ ಅನ್ಸುತ್ತೆ, ಅದು ಬೇರೆ ವಿಷಯ.

ಈ ಕ್ಲಿಪ್ ಅಕ್ಟೋಬರಿದು. ಮಗಳಿಗೆ ಕಿವಿ ನೋವು, ರಾತ್ರಿ ಪೂರ್ತಿ ಅತ್ತಿದ್ಲು. ಡಾಕ್ಟ್ರು ನೋಡಿ ಚೀಟಿ ಬರೆದ್ರು, ಔಷಧಿ ಅಂಗಡಿಗೆ ಹೋದೆ, ಅವರು ಬಾಟ್ಲು ಕೊಟ್ಟು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಅಂತ ಹೇಳಿ ಮುಗಿಸಿದ್ರು, ನಾನು ಕಾರ್ಡ್ ಹಿಡ್ಕೊಂಡು ನಿಂತೇ ಇದೀನಿ. ಏನೂ ಕೊಡೋದಿಲ್ಲಮ್ಮ, ಮಗು ಹತ್ರ ಹೋಗು ಅಂದ್ರು. ಹೊರಗೆ ಬಂದು ಬಸ್‌ಸ್ಟಾಪಲ್ಲಿ ನಿಂತಾಗ ಕಣ್ಣು ತುಂಬಿ ಬಂತು. ಅಮೆರಿಕದಲ್ಲಿರೋರಿಗೆ ಇದು ಅರ್ಥ ಆಗುತ್ತೆ, ಮಗುಗೆ ಜ್ವರ ಬಂದ್ರೆ ಮೊದಲು ಇನ್ಶೂರೆನ್ಸ್ ಕಾರ್ಡ್, ಕೋಪೇ ಅಂತ ನಮ್ಮ ಕೈಯಿಂದ ಕೊಡೋದು ಎಷ್ಟು, ಡಿಡಕ್ಟಬಲ್ ಅಂತ ಇನ್ಶೂರೆನ್ಸ್ ಕೊಡೋಕೆ ಮುಂಚೆ ನಾವೇ ಕಟ್ಟಬೇಕಾದ ಮೊತ್ತ ಮುಗೀತಾ, ಬಿಲ್ ಎರಡು ತಿಂಗಳಾದ್ಮೇಲೆ ಬರುತ್ತಾ, ಈ ಲೆಕ್ಕ ತಲೇಲಿ ಓಡ್ತಾನೇ ಇರುತ್ತೆ. ಪೂರ್ತಿ ಪುಕ್ಕಟೆ ಅಂತ ಹೇಳ್ತಿಲ್ಲ, ವೀಸಾ ಹಾಕುವಾಗಲೇ ಹೆಲ್ತ್ ಸರ್‌ಚಾರ್ಜ್ ಅಂತ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಕಟ್ಟಿ ಬಂದಿದೀವಿ. ಆದ್ರೆ ಕಾಯಿಲೆ ಬಂದ ದಿನ ಯಾರೂ ದುಡ್ಡು ಕೇಳಲ್ಲ. ಸ್ಕಾಟ್ಲೆಂಡಲ್ಲಿ 2011ರಿಂದ ಚೀಟಿ ಔಷಧಿಗೆ ಚಾರ್ಜೇ ಇಲ್ಲ, ಪಕ್ಕದ ಇಂಗ್ಲೆಂಡಲ್ಲಿ ಇದೆ. ಹಂಗೇ ಮಕ್ಕಳಿಗೆ ಬಸ್ಸೂ ಫ್ರೀ, 22 ವರ್ಷ ತುಂಬೋವರೆಗೂ, ಕಾರ್ಡ್ ಮಾಡಿಸ್ಕೊಂಡ್ರೆ ಆಯ್ತು. ಮಗಳು ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳೋದು ತಾನೇ ನೋಡಿ ಕಲಿತ್ಲು, ಇಲ್ಲಿ ಎಲ್ಲರೂ ಹೇಳ್ತಾರೆ.

ಇನ್ನೊಂದು ಹ್ಯಾಲೋವೀನ್ ರಾತ್ರೀದು, ವಿಡಿಯೋ ಮಾಡಿಲ್ಲ, ಹೇಳ್ತೀನಿ ಕೇಳಿ. ಅಮೆರಿಕದಲ್ಲಿ ಮಕ್ಕಳು ಬಾಗಿಲು ತಟ್ಟಿ ಚೀಲ ಮುಂದೆ ಹಿಡಿದ್ರೆ ಚಾಕೊಲೇಟ್ ಬೀಳುತ್ತೆ. ಇಲ್ಲಿ ಅದಕ್ಕೆ ಗೈಸಿಂಗ್ ಅಂತಾರೆ, ಸುಮ್ನೆ ಕೊಡಲ್ಲ, ಮಗು ಏನಾದ್ರೂ ಹೇಳಬೇಕು, ಹಾಡೋ ಪದ್ಯವೋ ಜೋಕೋ. ನಮ್ಗೆ ಗೊತ್ತೇ ಇರಲಿಲ್ಲ. ಕೆಳಗಿನ ಮನೆ ಅಜ್ಜಿ ಬಾಗಿಲು ತೆಗೆದು, ಸರಿ, ನೀನೇನು ಹೇಳ್ತೀಯಾ ಪುಟ್ಟಿ ಅಂತ ಕೈ ಕಟ್ಕೊಂಡು ನಿಂತ್ರು. ಮಗಳು ನನ್ನ ಮುಖ ನೋಡಿದ್ಲು, ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮೇಲೆ ನಮ್ಮಮ್ಮ ಫೋನಲ್ಲಿ ಹೇಳಿಕೊಟ್ಟಿದ್ದ ಕನ್ನಡ ಹಾಡು ಶುರು ಮಾಡಿದ್ಲು. ನ್ಯೂಜೆರ್ಸೀಲಿ ಕನ್ನಡ ಕೂಟದ ಸ್ಟೇಜ್ ಬಿಟ್ರೆ ಹೊರಗೆ ಒಂದಕ್ಷರ ಕನ್ನಡ ಆಡ್ತಿರಲಿಲ್ಲ ಈ ಹುಡುಗಿ, ಫ್ರೆಂಡ್ಸ್ ಇದ್ರೆ ನನಗೂ ಮಾತಾಡಬೇಡ ಅಂತಿದ್ಲು. ಮೂರನೇ ಸಾಲು ಮರೆತುಹೋಯ್ತು, ನಾನು ಮೆಟ್ಟಿಲ ಮೇಲಿಂದ ಎತ್ತಿಕೊಟ್ಟೆ. ಕಲ್ಲಿನ ಮೆಟ್ಟಿಲು ನೋಡಿ, ದನಿ ಮೇಲಿನ ಮಹಡಿವರೆಗೂ ಹೋಗುತ್ತೆ. ಅಜ್ಜಿ ಇನ್ನೊಂದ್ಸಲ ಹಾಡಿಸಿ, ಚಾಕೊಲೇಟ್ ಜೊತೆ ಒಂದು ಕಿತ್ತಳೆ, ಒಂದು ಹಿಡಿ ಸಿಪ್ಪೆ ಸಮೇತ ಕಡಲೆಕಾಯಿ ಹಾಕಿದ್ರು. ನಾವು ಚಿಕ್ಕವರಿದ್ದಾಗ ಇದೇ ಸಿಗ್ತಿದ್ದದ್ದು ಅಂದ್ರು.

ಮುಂದಿನ ತಿಂಗಳು 25ಕ್ಕೆ ಬರ್ನ್ಸ್ ನೈಟ್, ಇಲ್ಲಿಯ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ, ಅದಕ್ಕೆ ಸ್ಕೂಲಲ್ಲಿ ಸ್ಕಾಟ್ಸ್ ಭಾಷೆ ಪದ್ಯ ಬಾಯಿಪಾಠ ಕೊಟ್ಟಿದಾರೆ. ಈಗ ಪುಲಿ ಕೆಳಗೆ ಕೂತು ಅದನ್ನೇ ಹೇಳ್ಕೋತಾ ಇದಾಳೆ, ಕೇಳಿಸ್ತಿದ್ಯಾ.

ಅಮ್ಮ ವಿಡಿಯೋ ಕಾಲಲ್ಲಿ ಈ ಪುಲಿ ನೋಡಿ, ಹಗ್ಗ ಎಳೆದು ತೋರಿಸು, ಇನ್ನೊಂದ್ಸಲ ತೋರಿಸು ಅಂತ ನನ್ನ ಕೈಲಿ ಮೂರು ಸಲ ಇಳಿಸಿ ಏರಿಸೋ ಹಾಗೆ ಮಾಡಿದ್ರು. ಆಮೇಲೆ, ನಮ್ಗೂ ಇಂಥದ್ದು ಇದ್ದಿದ್ರೆ ಹಸಿ ಸೀರೆ ಕೋಲಲ್ಲಿ ಎತ್ತಿ ಗಳಕ್ಕೆ ಹಾಕೋ ಕಷ್ಟ ತಪ್ತಿತ್ತು ಕಣೇ, ಕುತ್ತಿಗೆ ಎಷ್ಟು ನೋಯ್ತಿತ್ತು ಗೊತ್ತಾ ಅಂದ್ರು. ಗೊತ್ತಿರಲಿಲ್ಲ ನಂಗೆ. ಅಷ್ಟು ವರ್ಷ ಆ ಗಳದಿಂದ ಬಟ್ಟೆ ತಗೊಂಡು ಹಾಕ್ಕೊಂಡಿದೀನಿ.

ಮೂರೂವರೆ ಆಯ್ತು, ದೀಪ ಹಾಕ್ತೀನಿ. ಶರ್ಟೆಲ್ಲಾ ಒಣಗಿದೆ, ಮಗಳ ಕಾಲುಚೀಲ ಇನ್ನೂ ಹಸಿ, ತಿರುವಿ ಹಾಕಿ ಮತ್ತೆ ಮೇಲಕ್ಕೆ ಏರಿಸ್ತಿದೀನಿ, ಸೋಮವಾರದೊಳಗೆ ಒಣಗುತ್ತೆ.