ನಮ್ಮ ಕಪಾಟಿನ ಎರಡು ಬೈಬಲ್‌ಗಳು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ತಂಗಿಯ ಮಗಳ ಮದುವೆ ಆಯಿತು, ಇಲ್ಲೇ ಕಾರವಾರದಲ್ಲಿ. ಚರ್ಚಿನ ಪೂಜೆಯಲ್ಲಿ ಬೈಬಲ್‌ನ ಮೊದಲ ವಾಚನ ನೀನೇ ಓದಬೇಕು ಮಾಮಾ ಎಂದು ಹುಡುಗಿ ತಿಂಗಳ ಮೊದಲೇ ಹೇಳಿಟ್ಟಿದ್ದಳು. ತೋಬಿತನ ಗ್ರಂಥ, ಎಂಟನೇ ಅಧ್ಯಾಯ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇಬ್ಬರೂ ರಾತ್ರಿ ಎದ್ದು ಪ್ರಾರ್ಥನೆ ಮಾಡುವ ಭಾಗ ಅದು. ಕ್ಯಾಥೋಲಿಕ್ ಮದುವೆಗಳಲ್ಲಿ ಆಗಾಗ ಕೇಳಿರುತ್ತೀರಿ.

ಹಿಂದಿನ ರಾತ್ರಿ ಒಂದ್ಸಲ ಗಟ್ಟಿಯಾಗಿ ಓದಿಕೊಳ್ಳೋಣ ಎಂದು ಕಪಾಟಿಗೆ ಕೈ ಹಾಕಿದೆ. ಕರೆಂಟ್ ಹೋಗಿತ್ತು. ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆ. ಎಜ್ರ ಸಿಕ್ಕಿದ, ನೆಹೆಮೀಯ ಸಿಕ್ಕಿದ, ಮುಂದೆ ತೋಬಿತ ಬರಬೇಕು, ಬಂದವಳು ಎಸ್ತೇರಳು. ಹಿಂದೆ ತಿರುಗಿಸಿದೆ, ಮುಂದೆ ತಿರುಗಿಸಿದೆ, ಬೈಂಡಿಂಗ್ ಮಾಡಿದವ ಒಂದು ಕಟ್ಟು ಹಾಳೆಯನ್ನೇ ನುಂಗಿಹಾಕಿದ್ದಾನೆ ಎಂದು ಅವನಿಗೆ ನಾಲ್ಕು ಬೈದೂ ಆಯಿತು. ಪುಟದ ನಂಬರ್ ನೋಡಿದರೆ ಒಂದೂ ತಪ್ಪಿಲ್ಲ. ಆಗ ಹೊಳೆಯಿತು. ಕತ್ತಲಲ್ಲಿ ಕೈಗೆ ಸಿಕ್ಕಿದ್ದು ನನ್ನ ಬೈಬಲ್ ಅಲ್ಲ, ಹೆಂಡತಿಯದು.

ನಾನು ಕೋಡಿಬಾಗದ ಕ್ಯಾಥೋಲಿಕ್. ಅವಳು ಧಾರವಾಡದ ಪ್ರೊಟೆಸ್ಟಂಟ್, ಬಾಸೆಲ್ ಮಿಷನ್ ಕಾಲದ ಮನೆತನ. ಮೂವತ್ತು ವರ್ಷದಿಂದ ಎರಡೂ ಬೈಬಲ್ ಒಂದೇ ಹಲಗೆಯ ಮೇಲೆ ಇವೆ. ನನ್ನದು ಜಾಸ್ತಿ ದಪ್ಪ. ಅದರಲ್ಲಿ 73 ಪುಸ್ತಕ, ಅವಳದರಲ್ಲಿ 66. ಯೇಸುವಿನ ಕತೆಯಿಂದ ಶುರುವಾಗುವ ಹೊಸ ಒಡಂಬಡಿಕೆ ಇಬ್ಬರಿಗೂ ಒಂದೇ, 27 ಪುಸ್ತಕ. ವ್ಯತ್ಯಾಸ ಇರುವುದು ಹಳೆಯದರಲ್ಲಿ. ತೋಬಿತ, ಯೂದಿತ, ಮಕ್ಕಬಿಯರ ಎರಡು ಪುಸ್ತಕ, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ ಎಂಬ ಏಳು ನಮ್ಮಲ್ಲಿವೆ, ಅವರಲ್ಲಿಲ್ಲ. ಎಸ್ತೇರಳ ಮತ್ತು ದಾನಿಯೇಲನ ಪುಸ್ತಕಗಳಲ್ಲೂ ನಮ್ಮಲ್ಲಿ ಒಂದಿಷ್ಟು ಭಾಗ ಹೆಚ್ಚಿದೆ.

ಊರಿನಲ್ಲಿ ಯಾರನ್ನಾದರೂ ಕೇಳಿ, ಕ್ಯಾಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಏನು ವ್ಯತ್ಯಾಸ ಎಂದು. ಅವರು ಯೇಸುವಿನ ತಾಯಿ ಮರಿಯಮ್ಮನನ್ನು ನಂಬುತ್ತಾರೆ, ಇವರು ನಂಬುವುದಿಲ್ಲ ಎನ್ನುತ್ತಾರೆ. ಅಷ್ಟೇ ಆಗಿದ್ದರೆ ನಮ್ಮ ಮನೆಯ ಜಗಳ ಮೊದಲ ವರ್ಷವೇ ಮುಗಿಯುತ್ತಿತ್ತು. ಮೂವತ್ತು ವರ್ಷ ವಾದ ಮಾಡಿ ನನಗೆ ಅನಿಸಿದ್ದು ಇದು: ಮರಿಯಮ್ಮನ ವಿಷಯದಲ್ಲಿ ನಾವು ಆಡುವ ಜಗಳದ ಬೇರು ಇರುವುದು ಪುಸ್ತಕದಲ್ಲಿ. ಕೊನೆಯ ಮಾತು ಯಾರದ್ದು ಎನ್ನುವುದರಲ್ಲಿ. ಪುಸ್ತಕದ್ದು ಮಾತ್ರವೋ, ಪುಸ್ತಕದ ಜೊತೆಗೆ ಅದನ್ನು ಹೊತ್ತು ತಂದ ಸಭೆಯದ್ದೂ, ಅಂದರೆ ಚರ್ಚಿನದ್ದೂ ಹೌದೋ?

ಮೊದಲು ಆ ಏಳು ಪುಸ್ತಕಗಳ ಕತೆ ಹೇಳಿಬಿಡುತ್ತೇನೆ. ಯೇಸು ಹುಟ್ಟುವ ಮೊದಲೇ ಯೆಹೂದ್ಯರ ಗ್ರಂಥಗಳು ಗ್ರೀಕ್ ಭಾಷೆಗೆ ಬಂದಿದ್ದವು. ಮೊದಲ ಕಾಲದ ಕ್ರೈಸ್ತರು ಹೆಚ್ಚಾಗಿ ಓದುತ್ತಿದ್ದದ್ದು ಆ ಗ್ರೀಕ್ ಅನುವಾದವನ್ನೇ. ಅದರ ಜೊತೆ ಈ ಪುಸ್ತಕಗಳೂ ಓಡಾಡಿದವು. ಹೀಬ್ರೂ ಪಟ್ಟಿಯಲ್ಲಿ ಮಾತ್ರ ಇವು ಇರಲಿಲ್ಲ. ಲ್ಯಾಟಿನ್‌ಗೆ ಅನುವಾದ ಮಾಡಿದ ಸಂತ ಜೆರೋಮನಿಗೇ ಇವುಗಳ ಬಗ್ಗೆ ಅನುಮಾನ ಇತ್ತು. ಸಂತ ಅಗಸ್ಟೀನ್ ಇರಲಿ ಎಂದ. 397ರಲ್ಲಿ ಕಾರ್ಥೇಜ್‌ನಲ್ಲಿ ಕೂಡಿದ ಬಿಷಪ್ಪರ ಸಭೆಯೂ ಇರಲಿ ಎಂದಿತು. ಆಮೇಲೆ ಸಾವಿರ ವರ್ಷ ಅನುಮಾನವೂ ಇತ್ತು, ಓದುವುದೂ ನಡೆದಿತ್ತು.

ಗಲಾಟೆ ಶುರುವಾದದ್ದು ಸತ್ತವರ ವಿಷಯಕ್ಕೆ. ನವೆಂಬರ್ 2ರಂದು ನಮ್ಮ ಸ್ಮಶಾನಗಳಲ್ಲಿ ಸಮಾಧಿಗೆ ಹೂವು, ಮೇಣದಬತ್ತಿ ಇಟ್ಟು ಸತ್ತವರಿಗಾಗಿ ಪ್ರಾರ್ಥಿಸುವುದನ್ನು ನೋಡಿದ್ದೀರಲ್ವಾ? ಅದಕ್ಕೆ ನಾವು ತೋರಿಸುವ ಆಧಾರ ಮಕ್ಕಬಿಯರ ಎರಡನೇ ಪುಸ್ತಕದ ಹನ್ನೆರಡನೇ ಅಧ್ಯಾಯ. ಯುದ್ಧದಲ್ಲಿ ಸತ್ತ ಸೈನಿಕರ ಪಾಪಕ್ಕಾಗಿ ದಂಡನಾಯಕ ಯೂದ ಹಣ ಕೂಡಿಸಿ ಜೆರುಸಲೇಮಿಗೆ ಕಳಿಸಿದ ಪ್ರಸಂಗ ಅಲ್ಲಿದೆ. 1519ರಲ್ಲಿ ಜರ್ಮನಿಯ ಲೈಪ್‌ಜಿಗ್ ಊರಲ್ಲಿ ಎಕ್ ಎಂಬ ಕ್ಯಾಥೋಲಿಕ್ ಪಂಡಿತ, ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಎದುರು ಇದೇ ಮಾತನ್ನು ಎತ್ತಿದ. ಆ ಪುಸ್ತಕ ಪ್ರಮಾಣವೇ ಅಲ್ಲ ಎಂದ ಲೂಥರ್. ಮಾತು ಅಲ್ಲಿಗೆ ನಿಲ್ಲಲಿಲ್ಲ. 1534ರಲ್ಲಿ ಅವನ ಪೂರ್ತಿ ಜರ್ಮನ್ ಬೈಬಲ್ ಬಂದಾಗ ಈ ಪುಸ್ತಕಗಳನ್ನು ಬಿಸಾಡಲಿಲ್ಲ, ತೆಗೆದು ಬೇರೆ ಇಟ್ಟ. ಪವಿತ್ರಗ್ರಂಥಕ್ಕೆ ಸಮ ಅಲ್ಲ, ಆದರೂ ಓದಲು ಒಳ್ಳೆಯವು ಎಂದು ತಲೆಬರಹ ಕೊಟ್ಟ. ಅದಕ್ಕೆ ಉತ್ತರವಾಗಿ 1546ರಲ್ಲಿ ಕ್ಯಾಥೋಲಿಕರ ಟ್ರೆಂಟ್ ಮಹಾಸಭೆ, ಇವೂ ಪವಿತ್ರಗ್ರಂಥವೇ, ಒಪ್ಪದವರು ಹೊರಗೆ ಎಂದು ಗಂಟು ಹಾಕಿತು. ಪ್ರೊಟೆಸ್ಟಂಟರ ಬೈಬಲ್‌ಗಳಲ್ಲೂ ಇವು ಬಹಳ ಕಾಲ ನಡುವೆ ಅಚ್ಚಾಗುತ್ತಲೇ ಇದ್ದವು. 1611ರ ಇಂಗ್ಲಿಷ್ ಬೈಬಲ್‌ನಲ್ಲೂ ಇದ್ದವು. 1826ರಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಇವನ್ನು ಅಚ್ಚು ಮಾಡಲು ದುಡ್ಡು ಕೊಡುವುದಿಲ್ಲ ಎಂದ ಮೇಲೆ ಕಣ್ಮರೆಯಾಗುತ್ತಾ ಬಂದವು. ಕಿತ್ತರು, ಸೇರಿಸಿದರು ಎಂದು ಎರಡೂ ಕಡೆಯವರು ಬೈದಾಡುವುದು ಸುಮ್ನೆ. ಯಾರೂ ರಾತ್ರೋರಾತ್ರಿ ಕಿತ್ತಿಲ್ಲ, ರಾತ್ರೋರಾತ್ರಿ ಸೇರಿಸಿಯೂ ಇಲ್ಲ.

ತೋಬಿತನ ಬಗ್ಗೆ ಮಾತ್ರ ನನಗೆ ಸ್ವಲ್ಪ ಪಕ್ಷಪಾತ ಇದೆ. ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಗಳಲ್ಲಿ ಈ ಪುಸ್ತಕದ ಅರಾಮಿಕ್ ಮತ್ತು ಹೀಬ್ರೂ ಚೂರುಗಳು ಸಿಕ್ಕಿವೆ. ಇನ್ನು ಅದರ ಕತೆಯೋ! ಹುಡುಗನೊಬ್ಬ ಹೊಳೆಯಲ್ಲಿ ಕಾಲು ತೊಳೆಯಲು ಹೋದಾಗ ದೊಡ್ಡ ಮೀನು ಮೇಲೆರಗುತ್ತದೆ. ಅದನ್ನು ಹಿಡಿದು ದಡಕ್ಕೆ ಎಳೆದು ಪಿತ್ತ ತೆಗೆದಿಟ್ಟುಕೊಳ್ಳುತ್ತಾನೆ. ಕೊನೆಗೆ ಅದನ್ನೇ ಹಚ್ಚಿ ಅಪ್ಪನ ಕುರುಡುತನ ಕಳೆಯುತ್ತಾನೆ. ಜೊತೆಗೆ ಒಂದು ನಾಯಿ ಬೇರೆ, ದಾರಿಯುದ್ದಕ್ಕೂ ಹಿಂದೆ ಹಿಂದೆ. ಬೈತಖೋಲದಲ್ಲಿ ಬಂಗಡೆ ಬುಟ್ಟಿ ಇಳಿಯುವುದನ್ನು ನೋಡುತ್ತಾ ಬೆಳೆದವನು ಇಂಥ ಪುಸ್ತಕ ಬಿಟ್ಟುಕೊಡುವುದು ಹೇಗೆ, ಹೇಳಿ.

ಈಗ ಮರಿಯಮ್ಮ. ಶಿರಸಿಯ ಗೆಳೆಯನೊಬ್ಬ ಮಾರಿಕಾಂಬೆ ಜಾತ್ರೆಗೆ ಕರೆದಿದ್ದಾಗ ಕೇಳಿದ, ನಮ್ಮ ಮಾರಿಯಮ್ಮ, ನಿಮ್ಮ ಮರಿಯಮ್ಮ ಅಕ್ಕತಂಗಿಯರಾ ಎಂದು. ತಮಾಷೆಗೆ ಕೇಳಿದ್ದು, ಆದರೆ ನನ್ನ ಹೆಂಡತಿಯ ಆಕ್ಷೇಪ ಸರಿಯಾಗಿ ಇದೇ. ನಜರೇತಿನ ಒಬ್ಬ ಹುಡುಗಿಯನ್ನು ನೀವು ದೇವಿ ಮಾಡಿಬಿಟ್ಟಿದ್ದೀರಿ ಎಂಬುದು. ನಮ್ಮ ಕನ್ನಡವೂ ಇಲ್ಲಿ ನಮಗೆ ಮೋಸ ಮಾಡುತ್ತದೆ. ಪ್ರೊಟೆಸ್ಟಂಟರು ಆರಾಧನೆ ಎನ್ನುವುದನ್ನು ನಾವು ಪೂಜೆ ಎನ್ನುತ್ತೇವೆ. ಬಲಿಪೂಜೆ ದೇವರಿಗೇ. ಆದರೆ ಮರಿಯಮ್ಮನ ಹಬ್ಬದ ದಿನ, ಇವತ್ತು ಮರಿಯಮ್ಮನ ಪೂಜೆ ಇದೆ ಎಂದು ನನ್ನ ತಾಯಿ ಹೇಳುತ್ತಿದ್ದರೆ, ಹೊಸದಾಗಿ ಬಂದ ಸೊಸೆಯ ಕಿವಿಗೆ ಅದು ಹೇಗೆ ಬಿದ್ದಿರಬೇಕು? ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ, ಮರಿಯಮ್ಮನಿಗೆ ಎಲ್ಲ ಸಂತರಿಗಿಂತ ಹೆಚ್ಚಿನ ಗೌರವ, ಇಷ್ಟೇ ಕ್ಯಾಥೋಲಿಕ್ ಬೋಧನೆ. ಆದರೆ ತೇರಿನಲ್ಲಿ ಹೂವು ಹೊತ್ತು ಬರುವ ಮೂರ್ತಿಯನ್ನು ನೋಡಿದವರಿಗೆ ಈ ಗೆರೆ ಕಾಣುವುದಿಲ್ಲ ಎಂದರೆ ನಾನು ಅವರನ್ನು ಬೈಯಲಾರೆ. ನಮ್ಮವರಿಗೇ ಎಷ್ಟೋ ಸಲ ಕಾಣುವುದಿಲ್ಲ.

ಭಾಷೆಯ ಮಾತು ಬಂತು, ಇನ್ನೊಂದು ಹೇಳುತ್ತೇನೆ. ಅವಳ ಹಳೆಯ ಸತ್ಯವೇದದಲ್ಲಿ ಯೇಸು ಹೇಳಿದನು ಎಂದಿದೆ. ನನ್ನದರಲ್ಲಿ ಯೇಸು ಹೇಳಿದರು. ಅವಳಿಗೆ ಯೆಹೋವ, ನನಗೆ ಸರ್ವೇಶ್ವರ. ಅವಳಿಗೆ ಸುವಾರ್ತೆ, ನನಗೆ ಶುಭಸಂದೇಶ. ದೇವರನ್ನು ಏಕವಚನದಲ್ಲಿ ಕರೆಯುವುದು ಸಲುಗೆಯೋ ಅಗೌರವವೋ ಎಂದು ಒಂದು ಇಡೀ ಮಳೆಗಾಲ ವಾದ ಮಾಡಿದ್ದೇವೆ, ನಿಜವಾಗಿ.

ಅಣ್ಣತಮ್ಮಂದಿರ ವಿಷಯ ಅದಕ್ಕಿಂತ ಗಟ್ಟಿ ಜಗಳ. ಮಾರ್ಕನ ಆರನೇ ಅಧ್ಯಾಯದಲ್ಲಿ ಯೇಸುವಿನ ಸಹೋದರರ ಹೆಸರೇ ಇದೆ: ಯಾಕೋಬ, ಯೋಸೆ, ಯೂದ, ಸಿಮೋನ. ಹಾಗಾದರೆ ಯೇಸು ಹುಟ್ಟಿದ ಮೇಲೆ ಮರಿಯಳಿಗೆ ಮಕ್ಕಳಾದವಲ್ಲ ಎನ್ನುತ್ತಾಳೆ ಅವಳು. ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ಇಂದು ಹಾಗೇ ಓದುತ್ತಾರೆ. ಕೊನೆಯವರೆಗೂ ಕನ್ಯೆ ಎನ್ನುವವರು ನಾವು. ಆ ಸಹೋದರರು ಚಿಕ್ಕಪ್ಪ ದೊಡ್ಡಮ್ಮನ ಮಕ್ಕಳಿರಬೇಕು ಎಂಬುದು ಜೆರೋಮನ ಉತ್ತರ. ಕನ್ನಡದವರಿಗೆ ಇದು ಕಷ್ಟವೇ ಇಲ್ಲ. ನನ್ನ ಚಿಕ್ಕಪ್ಪನ ಮಗನನ್ನು ನಾನು ತಮ್ಮ ಎಂದೇ ಪರಿಚಯ ಮಾಡಿಸುತ್ತೇನೆ, ನೀವೂ ಅಷ್ಟೇ ಅಲ್ವಾ? ಅಬ್ರಹಾಮನಿಗೆ ಲೋಟ ಒಡಹುಟ್ಟಿದವನ ಮಗ, ಆದರೂ ಅಬ್ರಹಾಮ ಅವನಿಗೆ ನಾವು ಸಹೋದರರು ಎನ್ನುತ್ತಾನೆ. ಶಿಲುಬೆಯ ಕೆಳಗೆ ನಿಂತ ತಾಯಿಯನ್ನು ಯೇಸು ಶಿಷ್ಯನ ಕೈಗೆ ಒಪ್ಪಿಸಿದ್ದು ಯಾಕೆ, ಇನ್ನೂ ನಾಲ್ಕು ಗಂಡುಮಕ್ಕಳಿದ್ದರೆ?

ಇಲ್ಲಿಗೆ ಗೆದ್ದೆ ಎಂದುಕೊಂಡಿದ್ದೆ. ಅವಳು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆ ಅಧ್ಯಾಯ ತೆಗೆದಳು. ಅಲ್ಲಿ ಮಾರ್ಕನನ್ನು ಬಾರ್ನಬನ ಸೋದರಸಂಬಂಧಿ ಎನ್ನಲು ಗ್ರೀಕ್‌ನಲ್ಲಿ ಬೇರೆಯೇ ಪದ ಇದೆ. ಪದ ಇದ್ದರೂ ಮಾರ್ಕ ಅದನ್ನು ಯಾಕೆ ಬಳಸಲಿಲ್ಲ ಎಂದಳು. ಒಳ್ಳೆಯ ಪೆಟ್ಟು. ನನ್ನ ಹತ್ತಿರ ಉಳಿದಿದ್ದದ್ದು ಒಂದೇ ಬಾಣ: ನಿನ್ನ ಲೂಥರ್ ಕೂಡ ಆಕೆ ಕೊನೆತನಕ ಕನ್ಯೆ ಎಂದೇ ನಂಬಿದ್ದ, ಮೆಥಡಿಸ್ಟರ ಜಾನ್ ವೆಸ್ಲಿಯೂ ನಂಬಿದ್ದ. ಅವಳು ಒಂದು ನಿಮಿಷ ಸುಮ್ಮನಾದಳು. ಆಮೇಲೆ, ಲೂಥರ್ ನಮ್ಮ ಪೋಪ್ ಅಲ್ಲ ಎಂದಳು. ಪ್ರೊಟೆಸ್ಟಂಟರ ಪೂರ್ತಿ ತತ್ವ ಆ ಒಂದೇ ವಾಕ್ಯದಲ್ಲಿದೆ, ನೋಡಿ.

ಅಮಲೋದ್ಭವ ಎಂಬ ಪದಕ್ಕೂ ಒಂದು ನಿಮಿಷ ಕೊಡಬೇಕು. ಅಮಲು ಏರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ, ಮಲ ಇಲ್ಲದ್ದು ಅಮಲ. ಬಹಳ ಜನ, ನಮ್ಮವರೂ ಸೇರಿ, ಯೇಸು ಅಪ್ಪನಿಲ್ಲದೆ ಹುಟ್ಟಿದ್ದಕ್ಕೆ ಆ ಹೆಸರು ಎಂದುಕೊಂಡಿದ್ದಾರೆ. ಅಲ್ಲ. ಮರಿಯಮ್ಮನೇ ತನ್ನ ತಾಯಿಯ ಹೊಟ್ಟೆಯಲ್ಲಿ ಮೂಡಿದ ಕ್ಷಣದಿಂದ ಜನ್ಮಪಾಪ ಇಲ್ಲದವಳು ಎಂಬ ನಂಬಿಕೆ ಅದು. 1854ರಲ್ಲಿ ಒಂಬತ್ತನೇ ಪಿಯುಸ್ ಪೋಪ್ ಅದನ್ನು ಸಿದ್ಧಾಂತ ಎಂದು ಸಾರಿದರು. ಎಲ್ಲರೂ ಪಾಪ ಮಾಡಿದ್ದಾರೆ ಎಂದು ಪೌಲ ಬರೆದಿದ್ದಾನೆ, ಮರಿಯಳೇ ದೇವರನ್ನು ನನ್ನ ರಕ್ಷಕ ಎಂದು ಹಾಡಿದ್ದಾಳೆ, ಪಾಪ ಇಲ್ಲದವಳಿಗೆ ರಕ್ಷಕ ಯಾಕೆ ಎಂಬುದು ಪ್ರೊಟೆಸ್ಟಂಟರ ಪ್ರಶ್ನೆ. ಕೆಸರಿಗೆ ಬಿದ್ದವರನ್ನು ಎತ್ತುವುದೂ ರಕ್ಷಣೆ, ಬೀಳುವ ಮೊದಲೇ ಕೈ ಹಿಡಿಯುವುದೂ ರಕ್ಷಣೆ ಎಂಬುದು ನಮ್ಮ ಉತ್ತರ.

ಆಗಸ್ಟ್ 15 ಬಂದರೆ ನಮಗೆ ಜೋಡಿ ಹಬ್ಬ. ಧ್ವಜ ಹಾರಿಸುವುದೂ ಆಗಬೇಕು, ಮಾತೆಯ ಸ್ವರ್ಗಸ್ವೀಕಾರದ ಪೂಜೆಯೂ ಆಗಬೇಕು. ಕಾರವಾರ ಧರ್ಮಕ್ಷೇತ್ರ ಆದದ್ದು 1976ರಲ್ಲಿ, ಅದರ ಪ್ರಧಾನಾಲಯ ಇರುವುದೇ ಈ ಹೆಸರಿನಲ್ಲಿ. ಯೇಸು ಸ್ವರ್ಗಕ್ಕೆ ತಾನೇ ಏರಿದ್ದು ಆರೋಹಣ, ತಾಯಿಯನ್ನು ದೇವರು ಎತ್ತಿಕೊಂಡಿದ್ದು ಸ್ವೀಕಾರ. ಕನ್ನಡದಲ್ಲಿ ಈ ಪದವನ್ನು ಹುಡುಕಿ ಇಟ್ಟವರಿಗೆ ನನ್ನದೊಂದು ಸಲಾಂ. ಆದರೆ ಇದು ಬೈಬಲ್‌ನಲ್ಲಿ ಎಲ್ಲಿದೆ? ನೇರವಾಗಿ ಎಲ್ಲೂ ಇಲ್ಲ. 1950ರಲ್ಲಿ ಹನ್ನೆರಡನೇ ಪಿಯುಸ್ ಅದನ್ನು ಸಿದ್ಧಾಂತವಾಗಿ ಸಾರಿದಾಗ ಮುಖ್ಯವಾಗಿ ತೋರಿಸಿದ್ದು ಸಭೆ ಶತಮಾನಗಳಿಂದ ನಂಬಿ, ಹಬ್ಬ ಮಾಡಿ, ಪ್ರಾರ್ಥಿಸಿ ಬಂದದ್ದನ್ನು. ಬರೆದದ್ದರಲ್ಲಿ ಇಲ್ಲದ್ದನ್ನು ನಂಬಲೇಬೇಕು ಎಂದು ಯಾರೂ ಹೇಳುವಂತಿಲ್ಲ ಎನ್ನುತ್ತಾಳೆ ಅವಳು. ಯಾವ ಯಾವ ಪುಸ್ತಕ ಬೈಬಲ್‌ಗೆ ಸೇರಬೇಕು ಎಂಬ ಪಟ್ಟಿ ಬೈಬಲ್‌ನ ಒಳಗೆ ಎಲ್ಲಿದೆ, ಅದನ್ನು ಹೇಳಿದ್ದೂ ಸಭೆಯೇ ಅಲ್ವಾ ಎನ್ನುತ್ತೇನೆ ನಾನು. ನಾವು ಎಲ್ಲಿಂದ ಹೊರಟರೂ ಬಂದು ನಿಲ್ಲುವ ಜಾಗ ಇದೇ.

ಅವಳಿಗೂ ಒಂದು ಕಡೆ ಸಮಾಧಾನ ಸಿಕ್ಕಿದೆ, ಹೇಳದಿದ್ದರೆ ತಪ್ಪಾಗುತ್ತದೆ. 2025ರ ನವೆಂಬರ್‌ನಲ್ಲಿ ವ್ಯಾಟಿಕನ್ನೇ, ಮರಿಯಮ್ಮನಿಗೆ ಸಹವಿಮೋಚಕಿ, ಅಂದರೆ ರಕ್ಷಣೆಯ ಕೆಲಸದಲ್ಲಿ ಯೇಸುವಿನ ಜೊತೆಗಾರ್ತಿ, ಎಂಬ ಬಿರುದು ಬಳಸುವುದು ಸರಿಯಲ್ಲ ಎಂದು ಹೇಳಿತು. ಪೇಪರ್ ಕಟಿಂಗ್ ಫ್ರಿಜ್ ಮೇಲೆ ಎರಡು ವಾರ ಅಂಟಿಕೊಂಡಿತ್ತು.

ಮತ್ತೆ ಕಾನಾ ಊರಿನ ಮದುವೆ. ಪಂಕ್ತಿ ನಡೆಯುತ್ತಿರುವಾಗಲೇ ದ್ರಾಕ್ಷಾರಸ ಮುಗಿಯಿತು. ಮನೆಯವರ ಮರ್ಯಾದೆ ಹೋಗುವ ಹೊತ್ತು. ತಾಯಿ ಗಮನಿಸಿ ಮಗನಿಗೆ ಹೇಳಿದಳು, ಕೆಲಸ ಆಯಿತು. ನೋಡು, ಆಕೆಗೆ ಹೇಳಿದರೆ ಆಗುತ್ತದೆ ಎನ್ನುತ್ತಿದ್ದರು ನನ್ನ ತಾಯಿ, ತೇರ್ಸ್, ಅಂದರೆ ಜಪಮಾಲೆಯ, ಮಣಿ ಎಣಿಸುತ್ತಾ. ಸೊಸೆ ಅದೇ ಅಧ್ಯಾಯದ ಮುಂದಿನ ಮಾತು ತೋರಿಸುತ್ತಿದ್ದಳು. ಆಳುಗಳಿಗೆ ಮರಿಯಳು ಹೇಳಿದ್ದು ಏನು? ಅವನು ಹೇಳಿದಂತೆ ಮಾಡಿ ಎಂದು. ಆಕೆಯೇ ಅವನ ಕಡೆ ಕೈ ತೋರಿಸಿದ ಮೇಲೆ ನಾವು ಇಲ್ಲೇ ಯಾಕೆ ನಿಲ್ಲಬೇಕು ಅತ್ತೆ, ಎನ್ನುವಳು. ಅತ್ತೆ ನಕ್ಕು ಮುಂದಿನ ಮಣಿಗೆ ಹೋಗುತ್ತಿದ್ದರು.

ಮದುವೆ ಚೆನ್ನಾಗಿ ಆಯಿತು. ತೋಬಿತನನ್ನು ತಪ್ಪಿಲ್ಲದೆ ಓದಿದೆ. ಮೂರನೇ ದಿನ ಮಧ್ಯಾಹ್ನ ನೋಡುತ್ತೇನೆ, ನನ್ನ ದಪ್ಪ ಬೈಬಲ್ ಅವಳ ತೊಡೆಯ ಮೇಲಿದೆ. ಕನ್ನಡಕ ಮೂಗಿನ ತುದಿಗೆ ಬಂದಿದೆ, ಒಲೆಯ ಮೇಲೆ ಸಾರು ಕುದಿದು ಕುದಿದು ಅರ್ಧ ಆಗಿದೆ. ತೋಬಿತನ ಹದಿನಾಲ್ಕೂ ಅಧ್ಯಾಯ ಒಂದೇ ಪಟ್ಟಿಗೆ ಕೂತು ಮುಗಿಸಿದ್ದಳು.

"ಹೇಗಿದೆ?" ಎಂದೆ.

"ಕತೆ ಚೆನ್ನಾಗಿದೆ," ಎಂದಳು. "ನಾಯಿ ಮನೆತನಕ ವಾಪಸ್ ಬಂತಲ್ಲ, ಅದು ನನಗೆ ಇಷ್ಟ ಆಯ್ತು. ಆದ್ರೆ ಸತ್ಯವೇದ ಅಲ್ಲ."

ಎದ್ದು ಅದನ್ನು ಕಪಾಟಿನಲ್ಲಿಟ್ಟಳು, ತನ್ನದರ ಪಕ್ಕಕ್ಕೆ, ಅಡ್ಡವಾಗಿ. ನೆಟ್ಟಗೆ ನಿಲ್ಲಿಸಿದರೆ ಮೇಲಿನ ಹಲಗೆಗೆ ತಾಗುತ್ತದೆ.

ನಮಸ್ಕಾರ.